ಏಣಿ ಬಿದ್ದ ಮಧ್ಯಾಹ್ನ

ಪಿಟೀಲಿನ ಅಮ್ಮ ರಜೆ ಕೇಳಿರಲಿಲ್ಲ. ರಜೆಯೇ ಬಂದು ಅವಳ ಕೊರಳಿಗೆ ಬಿದ್ದಿತ್ತು. "ನಿಮ್ಮ ರಜೆ ಎಲ್ಲಾ ಹಾಗೇ ರಾಶಿ ಬಿದ್ದಿದೆ. ಮನೆಗೆ ಹೋಗಿ ಕಾಲು ಚಾಚಿ ಮಲಗಿ. ತಿಂಗಳು ಮುಗಿಯೋ ತನಕ ಈ ಕಡೆ ತಲೆ ಹಾಕಬೇಡಿ" ಎಂದು ಸೂಪರ್‌ವೈಸರ್ ನಗುನಗುತ್ತಲೇ ಹೇಳಿದ್ದರು. ನಗುತ್ತಾ ಹೇಳಿದ್ದರಿಂದ ಜಗಳ ಆಡುವುದಕ್ಕೂ ಬರಲಿಲ್ಲ.

ತುರ್ತು ಕರೆಗಳನ್ನು ತೆಗೆದುಕೊಳ್ಳುವುದು ಅವಳ ಕೆಲಸ. ಕಿಟಕಿಯಿಲ್ಲದ ತಣ್ಣನೆಯ ಹಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ಯಾರದೋ ಮನೆಯಲ್ಲಿ ಯಾರೋ ಬಿದ್ದಾಗ, ಎಲ್ಲೋ ಹೊಗೆ ಎದ್ದಾಗ, "ಗಾಬರಿಯಾಗಬೇಡಿ, ನಾನು ಹೇಳಿದ ಹಾಗೆ ಮಾಡಿ" ಎನ್ನಬೇಕು. ಗಾಡಿ ಅವರ ಬಾಗಿಲಿಗೆ ಬಂತು ಅಂದರೆ ಅವಳ ಪಾಲಿನ ಕೆಲಸ ಮುಗಿಯಿತು, ಮುಂದಿನ ಕರೆ. ಬಿದ್ದವರು ಎದ್ದರೋ, ಹೊಗೆ ಆರಿತೋ, ಯಾರೂ ತಿರುಗಿ ಫೋನು ಮಾಡಿ ಹೇಳುವುದಿಲ್ಲ. ಇಷ್ಟು ವರ್ಷ ಅದೇನೂ ಅವಳ ಊಟ ನಿದ್ದೆ ಕೆಡಿಸಿರಲಿಲ್ಲ.

ಕೆಡಿಸಿದ್ದು ಒಬ್ಬ ಮುದುಕರ ಕರೆ. ಎದುರು ಮನೆಯ ಹೆಂಗಸು ಬಚ್ಚಲಲ್ಲಿ ಬಿದ್ದಿದ್ದಾರೆ, ಬೇಗ ಬನ್ನಿ ಎಂದರು. ವಿಳಾಸ ಕೇಳಿದರೆ ಬಡಾವಣೆಯ ಹೆಸರೊಂದನ್ನು ಹೇಳಿ, "ನೀಲಿ ಗೇಟಿನ ಮನೆ, ನೀಲಿ ಗೇಟು" ಎಂದಷ್ಟೇ ಹೇಳುತ್ತಿದ್ದರು. "ತಾಳಿ, ಬಾಗಿಲು ತೆಗೆದು ಬರ್ತೀನಿ" ಎಂದು ಫೋನನ್ನು ಎಲ್ಲೋ ಇಟ್ಟು ಹೋದರು. ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ನಲ್ಲಿ ಸುರಿಯುವ ಸದ್ದು, ಒಂದು ನಾಯಿ ಬೊಗಳುವ ಸದ್ದು. ಮುದುಕರು ಬರಲೇ ಇಲ್ಲ. ಫೋನು ಕಟ್ಟಾಯಿತು, ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ಗಾಡಿಯವರು ಆ ಬಡಾವಣೆಯನ್ನೆಲ್ಲ ಸುತ್ತಿ ಬರಿಗೈಯಲ್ಲಿ ವಾಪಸಾದರು.

ಅಂದಿನಿಂದ ಅವಳಿಗೆ ಹೋದಲ್ಲಿ ಬಂದಲ್ಲಿ ನೀಲಿ ಗೇಟುಗಳೇ ಕಾಣತೊಡಗಿದವು. ತನ್ನದಲ್ಲದ ಸ್ಟಾಪಿನಲ್ಲಿ ಬಸ್ಸಿಳಿದು ಹೋಗಿ ಗೇಟಿನ ಮುಂದೆ ನಿಲ್ಲುವಳು. ಒಳಗಿನವರು "ಯಾರು ಬೇಕಿತ್ತು?" ಅಂದರೆ ಏನೋ ತಡವರಿಸಿ ಮುಂದೆ ನಡೆಯುವಳು. ಕೊನೆಗೆ ಹೀಗೆ ನಿಂತದ್ದು ಸೂಪರ್‌ವೈಸರ್ ಅವರ ಅಕ್ಕನ ಮನೆಯ ಗೇಟಿನ ಮುಂದೆಯೇ ಆಗಿ, ಸುದ್ದಿ ಆಫೀಸು ಮುಟ್ಟಿ, ಈ ರಜೆ ಗಂಟುಬಿದ್ದಿತ್ತು.

ಮನೆಯಲ್ಲಿ ಅವಳಿಗೆ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದಳು. ಒಗೆದು ಮಡಿಸಿಟ್ಟಿದ್ದ ಪರದೆಗಳನ್ನು ಮತ್ತೊಮ್ಮೆ ಒಗೆದಳು. ಚೆನ್ನಾಗಿಯೇ ತಿರುಗುತ್ತಿದ್ದ ಫ್ಯಾನನ್ನು ಬಿಚ್ಚಿ ಎಣ್ಣೆ ಬಿಟ್ಟು, ಅದು ಕಿರುಗುಟ್ಟುವ ಹಾಗೆ ಮಾಡಿಟ್ಟಳು. ಟೀವಿಯ ಮುಂದೆ ಕಾಲು ನೀಡಿ ಕೂತಿದ್ದ ಅತ್ತೆ ಅವಳ ಓಡಾಟವನ್ನು ನೋಡಿ ನೋಡಿ, "ನೀನು ಸ್ವಲ್ಪ ಕೂತ್ಕೋಮ್ಮ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ" ಎಂದರು.

ಆಗಲೇ ಪಿಟೀಲು ಮರದ ಮೇಲಿನ ಮನೆ ಕೇಳಿದ್ದು.

ಪಿಟೀಲು ಅಂದರೆ ಮಗಳು, ಐದು ವರ್ಷದವಳು. ಹಿಡಿದ ಮಾತನ್ನು ಬಿಡದೆ ಕುಯ್ಯುತ್ತಲೇ ಇರುತ್ತಾಳೆಂದು ಅವಳಪ್ಪ ಇಟ್ಟ ಹೆಸರು; ಈಗ ಶಾಲೆಯ ಟೀಚರು ಮಾತ್ರ ಅವಳನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಚಿತ್ರದ ಪುಸ್ತಕವೊಂದರಲ್ಲಿ ಮರದ ಮೇಲೆ ಕಿಟಕಿ ಬಾಗಿಲು ಇರುವ ಮನೆಯನ್ನು ನೋಡಿ, "ನಂಗೂ ಇಂಥದ್ದು ಬೇಕು" ಎಂದಳು. ಹೋದ ವಾರ ಅಪ್ಪನ ಹಾಗೆ ಮೀಸೆ ಬೇಕು ಎಂದಿದ್ದಳು, ಅದರ ಹಿಂದಿನ ವಾರ ಆನೆ. ಅಮ್ಮ ಮಾತ್ರ ಈ ಸಲ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿತ್ತಲಲ್ಲಿ ಮಾವಿನ ಮರವಿತ್ತು. ಶುರುಮಾಡಿ ಮುಗಿಸಿ, ಮುಗಿಯಿತು ಎಂದು ಕಣ್ಣಾರೆ ನೋಡಬಹುದಾದ ಒಂದು ಕೆಲಸ ಅವಳಿಗೆ ಬೇಕಾಗಿತ್ತು.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ನಿಧಾನಸ್ಥ. "ಒಂದು ಜೋಕಾಲಿ ಕಟ್ಟಿದ್ರೆ ಸಾಲಲ್ವಾ?" ಎಂದ.

"ಅವಳು ಮನೆ ಕೇಳಿದ್ದು."

"ಆನೆ ಕೇಳ್ದಾಗ ನಾವು ಆನೆ ತಂದ್ವಾ?"

ಅತ್ತೆಯಂತೂ, "ನೆಲದ ಮೇಲಿರೋ ಮನೆ ಗುಡಿಸಿ ಸಾರಿಸೋಷ್ಟರಲ್ಲಿ ಸೊಂಟ ಬಿದ್ದುಹೋಗುತ್ತೆ, ಇನ್ನು ಮರದ ಮೇಲಿಂದು ಬೇರೆ" ಎಂದು ಗೊಣಗಿದರು.

ಅವಳು ಯಾರ ಮಾತೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರದ ಡಿಪೋಗೆ ಹೋಗಿ ಹಲಗೆ, ತೊಲೆ ತಂದಳು. ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಏಣಿ ಎರವಲು ತಂದಳು. ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಏಣಿಯ ಜೊತೆಗೆ ಬೇಡವೆಂದರೂ ಸಲಹೆಯನ್ನೂ ಕೊಟ್ಟರು. ಬೆಳಿಗ್ಗೆ ಬೆಳಿಗ್ಗೆ ಕಾಂಪೌಂಡಿನ ಆಚೆ ನಿಂತು, ಒಂದು ಕಣ್ಣು ಮುಚ್ಚಿ, "ಅಮ್ಮಾ, ನಿಮ್ಮ ತೊಲೆ ಬಲಕ್ಕೆ ವಾಲಿದೆ" ಎನ್ನುವರು. ಅವಳು ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವೆಯೇ ನಿಂತಿರುವುದನ್ನು ತೋರಿಸಿದರೆ, "ಅದಕ್ಕೇನು ಗೊತ್ತಾಗುತ್ತೆ ಬಿಡಿ" ಎಂದು ಒಳಗೆ ಹೋಗುವರು.

ನೆಲದಿಂದ ಎರಡಾಳೆತ್ತರದಲ್ಲಿ ಮರ ಮೂರು ಕವಲಾಗಿ ಒಡೆದಿತ್ತು. ಅಲ್ಲಿಗೆ ತೊಲೆಗಳನ್ನು ಏರಿಸಿ, ಡ್ರಿಲ್ಲಿನಿಂದ ತೂತು ಕೊರೆದು, ಬೋಲ್ಟು ಬಿಗಿದಳು. ಅಂಗೈಯಲ್ಲಿ ಗುಳ್ಳೆ ಎದ್ದವು. ಉಗುರೊಂದು ಸುತ್ತಿಗೆಯ ಏಟು ತಿಂದು ಕಪ್ಪಾಯಿತು. ಅಷ್ಟಾದರೂ ಒಳಗಿನ ತಳಮಳ ಇಳಿಯಲಿಲ್ಲ. ಒಂದು ಹಲಗೆ ಹೊಡೆಯುವಾಗಲೇ ಮನಸ್ಸು ಅದರ ಮುಂದಿನ ಹಲಗೆಗೆ ಓಡುತ್ತಿತ್ತು. ಊಟಕ್ಕೆ ಕರೆದರೆ, "ಬಂದೆ, ಇದೊಂದು" ಎನ್ನುವಳು. ಆ ಒಂದು ಮುಗಿಯುತ್ತಲೇ ಇರಲಿಲ್ಲ.

ಆ ದಿನ ಗಂಡ ಅಂಗಡಿಗೆ ಹೋಗಿದ್ದ. ಊಟವಾದ ಮೇಲೆ ಅತ್ತೆ ಕಿವಿಯ ಮಷೀನು ತೆಗೆದು ಪುಟ್ಟ ಡಬ್ಬಿಯಲ್ಲಿಟ್ಟು ಮಗ್ಗುಲಲ್ಲಿ ಮೊಮ್ಮಗಳನ್ನು ಮಲಗಿಸಿಕೊಂಡಿದ್ದರು. ಕಿವಿಯ ಮಷೀನು ಡಬ್ಬಿ ಸೇರಿತು ಅಂದರೆ ಅತ್ತೆಯ ಪಾಲಿಗೆ ಈ ಲೋಕದ ಅಂಗಡಿ ಬಾಗಿಲು ಹಾಕಿದ ಹಾಗೆ. ಮಗು ಮಲಗಿರುವಾಗಲೇ ನೆಲದ ಹಲಗೆಗಳನ್ನು ಮುಗಿಸಿಬಿಡೋಣವೆಂದು ಅಮ್ಮ ಮರ ಹತ್ತಿದಳು. ನಾಲ್ಕು ಹಲಗೆ ಹೊಡೆದದ್ದಾಗಿತ್ತು. ಐದನೆಯದಕ್ಕೆ ಕೆಳಗೇ ಹಗ್ಗ ಕಟ್ಟಿ ಬಂದಿದ್ದವಳು, ಮೇಲೆ ಕೂತು ಅದನ್ನು ಎಳೆದುಕೊಳ್ಳತೊಡಗಿದಳು. ಸರಸರ ಎಳೆದಳು, ನಿಧಾನವಾಗಿ ಎಳೆಯುವುದು ಅವಳ ಕೈಯಲ್ಲಾಗುವ ಮಾತಲ್ಲ. ಹಲಗೆ ಅರ್ಧ ದಾರಿಯಲ್ಲಿ ಬುಗುರಿಯ ಹಾಗೆ ತಿರುಗಿ, ಬೀಸಿ ಬಂದು ಏಣಿಗೆ ಬಡಿಯಿತು. ಏಣಿ ಜಾರುವುದನ್ನು ಕಂಡು ಅದನ್ನು ಹಿಡಿಯಲು ಕೈ ಚಾಚಿದಳು. ಹಗ್ಗ ಕೈ ಬಿಟ್ಟಿತು. ಏಣಿ, ಹಲಗೆ, ಹಗ್ಗ, ಅಂಚಿನಲ್ಲಿಟ್ಟಿದ್ದ ಮೊಳೆಯ ಡಬ್ಬಿ, ಎಲ್ಲವೂ ಒಟ್ಟಿಗೆ ಕೆಳಗೆ ಹೋದವು.

ಅವಳ ಹತ್ತಿರ ಉಳಿದದ್ದು ಸುತ್ತಿಗೆ ಒಂದೇ.

ಬೊಡ್ಡೆಯನ್ನು ತಬ್ಬಿ ಇಳಿಯೋಣವೆಂದರೆ ಅದು ಎರಡು ತೋಳಿಗೂ ಸಿಗದಷ್ಟು ದಪ್ಪ. ಮೇಲಾಗಿ ಕೆಂಜಿರುವೆಗಳು ಸಾಲುಗಟ್ಟಿ ಅದೇ ದಾರಿಯಲ್ಲಿ ಓಡಾಡುತ್ತಿದ್ದವು. ಫೋನು ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲಿತ್ತು. "ಮೇಷ್ಟ್ರೇ!" ಎಂದು ಕೂಗಿದಳು. ಮೇಷ್ಟ್ರು ಮಧ್ಯಾಹ್ನದ ಹೊತ್ತು ಮುಂದಿನ ಜಗಲಿಯಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತಾರೆ. ಅವರಿಗೆ ಹಿತ್ತಲೆಂದರೆ ಆಗ ಬೇರೆ ದೇಶ. ಯಾರೂ ಓಗೊಡಲಿಲ್ಲ. ಸರಿ, ಅತ್ತೆ ಏಳುವ ತನಕ ಕಾಯೋಣ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬಾಗಿಲು ಕಿರ್ ಎಂದಿತು.

"ಏನು ಬಿತ್ತಮ್ಮಾ?"

ಬರಿಗಾಲಲ್ಲಿ, ಕೆದರಿದ ತಲೆಯಲ್ಲಿ ಪಿಟೀಲು ನಿಂತಿದ್ದಳು.

"ಏಣಿ ಬಿತ್ತು. ನೀನ್ಯಾಕೆ ಎದ್ದು ಬಂದೆ?"

"ಅಜ್ಜಿ ಗೊರಕೆ ಹೊಡೀತಾಳೆ. ನೀನೀಗ ಹೇಗೆ ಇಳೀತೀಯ?"

ಅಮ್ಮ ಕೆಳಗೆ ಬಗ್ಗಿದಳು. ಅವಳ ಕಣ್ಣು ಹಿತ್ತಲ ನೆಲದ ಮೇಲೆಲ್ಲ ಹರಿದಾಡುತ್ತಿತ್ತು. ಇಲ್ಲಿಯವರೆಗೆ ಅದು ತನ್ನ ಕೆಲಸದ ಜಾಗ. ಈಗ ಮೇಲಿನಿಂದ ನೋಡಿದರೆ ಒಂದೊಂದೂ ಮಗುವಿಗೆಂದೇ ಹೊಂಚು ಹಾಕಿದ ಹಾಗಿತ್ತು. ಬಾಗಿಲಿನಿಂದ ಮರದ ತನಕ ಚೆಲ್ಲಾಡಿದ ಮೊಳೆ. ಗೋಡೆಗೆ ಒರಗಿಸಿದ ಗರಗಸ. ಪ್ಲಗ್ಗು ತೆಗೆಯದೆ ಬಿಟ್ಟ ಡ್ರಿಲ್ಲು. ಮನೆಯ ಪಕ್ಕದ ಓಣಿಯ ಕೊನೆಯಲ್ಲಿ ಬೀದಿಗೆ ತೆರೆಯುವ ಸಣ್ಣ ಗೇಟು. ಹಲಗೆ ಸಾಗಿಸುವಾಗ ಅಡ್ಡ ಬರುತ್ತದೆಂದು ಅದರ ಚಿಲಕವನ್ನು ತಾನೇ ಬಿಚ್ಚಿಟ್ಟಿದ್ದಳು. ಗೇಟಿನಾಚೆ ಮರಳಿನ ಲಾರಿಗಳು ಓಡಾಡುವ ರಸ್ತೆ.

ಅವಳು ಉಸಿರು ಎಳೆದುಕೊಂಡು, ವರ್ಷಗಟ್ಟಲೆ ಪಳಗಿದ ದನಿಯಲ್ಲಿ, ಮಟ್ಟಸವಾಗಿ ಹೇಳಿದಳು: "ಈಗ ನಾನು ಹೇಳೋದನ್ನ ಗಮನ ಇಟ್ಟು ಕೇಳು. ನೀನು ನಿಂತಿರೋ ಜಾಗದಿಂದ ಒಂದು ಹೆಜ್ಜೆ ಹಿಂದೆ ಹೋಗು."

"ಯಾಕೆ ಆಫೀಸ್ ಥರ ಮಾತಾಡ್ತಿದೀಯ?" ಎನ್ನುತ್ತಾ ಪಿಟೀಲು ಒಂದು ಹೆಜ್ಜೆ ಮುಂದೆ ಬಂದಳು.

"ಹಿಂದೆ! ಹಿಂದೆ ಅಂದೆ!"

"ಕಿರುಚ್ಬೇಡ. ಅಯ್ಯೋ, ಎಷ್ಟೊಂದು ಮೊಳೆ!"

"ಪುಟ್ಟಾ, ಬಂಗಾರ, ಬಾಗಿಲ ಹತ್ರ ಚಪ್ಪಲಿ ಇದೆಯಲ್ಲ, ಹಾಕ್ಕೋ ನೋಡೋಣ."

ಪಿಟೀಲು ತಿರುಗಿ ಹೋಗಿ ಅಜ್ಜಿಯ ಚಪ್ಪಲಿಯೊಳಗೆ ಕಾಲು ತೂರಿಸಿದಳು. ಮರುಕ್ಷಣವೇ ಪಟಪಟ ಸದ್ದು ಮಾಡುತ್ತಾ ಹೋದ ಮಗಳು ಎರಡೂ ಕೈಯಲ್ಲಿ ಗರಗಸ ಎತ್ತಿಕೊಂಡಳು.

"ಅದನ್ನ ಇಡು! ಏನ್ ಮಾಡ್ತೀಯ ಅದರಲ್ಲಿ?"

"ಮರ ಕೊಯ್ದುಬಿಟ್ರೆ ಮರ ಕೆಳಗೆ ಬರುತ್ತೆ. ಮರದ ಜೊತೆ ನೀನೂ ಬರ್ತೀಯ."

"ಬೇಡಮ್ಮ. ಮರಕ್ಕೆ ನೋವಾಗುತ್ತೆ."

ಪಿಟೀಲು ಯೋಚಿಸಿದಳು. ಅಮ್ಮ ಬೋಲ್ಟು ಹಾಕುವಾಗ ಮರಕ್ಕೆ ನೋವಾಗಲಿಲ್ಲವೇ ಎಂದು ಕೇಳಿದಳು. ಆಗಿತ್ತು, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದಳು ಅಮ್ಮ. ಗರಗಸ ನೆಲಕ್ಕೆ ಬಿತ್ತು. ಈ ಹೊತ್ತಿಗೆ ಮೂರು ಕೆಂಜಿರುವೆ ಅಮ್ಮನ ರವಿಕೆಯೊಳಗೆ ದಾರಿ ಮಾಡಿಕೊಂಡಿದ್ದವು. ಅವಳು ಕಣ್ಣು ಮಗಳ ಮೇಲಿಟ್ಟೇ ಬೆನ್ನು ಕೆರೆದುಕೊಂಡಳು.

ಆಗ ಫೋನು ಬಡಿದುಕೊಂಡಿತು. ಪಿಟೀಲಿಗೆ ಫೋನೆಂದರೆ ಪ್ರಾಣ. ಓಡಿಹೋಗಿ ಎತ್ತಿಕೊಂಡಳು.

"ಹಲೋ. ನಾನೇ… ಅಮ್ಮನಾ? ಅಮ್ಮ ಮರದ ಮೇಲಿದಾಳೆ… ಹೂಂ… ಊಟ ಆಯ್ತು. ಅಪ್ಪಾ, ಬರ್ತಾ ನಂಗೆ ಬಣ್ಣದ ಪೆನ್ಸಿಲ್ ತರ್ತೀಯಾ?"

"ಏಣಿ ಬಿತ್ತು ಅಂತ ಹೇಳು! ನನಗೆ ಇಳಿಯೋಕಾಗ್ತಿಲ್ಲ ಅಂತ ಹೇಳು!"

"ಅಮ್ಮ ಕಿರುಚ್ತಿದಾಳೆ… ಯಾಕೋ ಗೊತ್ತಿಲ್ಲ… ನೇರಳೆ ಬಣ್ಣ ಮರೀಬೇಡ. ಹೂಂ, ಹೇಳ್ತೀನಿ." ಫೋನಿಟ್ಟು ಮರದ ಕಡೆ ತಲೆಯೆತ್ತಿದಳು. "ಹುಷಾರಾಗಿ ಇಳಿ ಅಂತ ಅಪ್ಪ ಹೇಳ್ದ."

ಅಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಿರುಗಿ ಫೋನು ಮಾಡಿಸೋಣವೆಂದರೆ ಅದು ಬೀಗ ಹಾಕಿಕೊಂಡಿತ್ತು. ಬೀಗದ ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ಪಿಟೀಲಿಗೆ ಆರು ಮತ್ತು ಒಂಬತ್ತು ಒಂದೇ ಹಣ್ಣಿನ ಎರಡು ಹೋಳು. ಯಾವುದು ಎಲ್ಲಿ ತಲೆಕೆಳಗಾಗುತ್ತದೆಂದು ಗೊತ್ತಿಲ್ಲ. ಫೋನು ಮತ್ತೆ ಮತ್ತೆ ಗುರ್ ಎಂದು, ಸ್ವಲ್ಪ ಹೊತ್ತು ಮುಟ್ಟಲೇಬೇಡ ಎಂದಿತು.

ಬೀಗ ಹಾಕಿದ್ದರೂ ಹೋಗುವ ಒಂದು ಕರೆ ಇತ್ತು. ಕೆಳಗಡೆಯ ಕೆಂಪು ಅಕ್ಷರವನ್ನು ಒತ್ತಿದರೆ ಸಾಕು, ನೆಟ್ಟಗೆ ಅವಳ ಆಫೀಸಿಗೇ ಹೋಗುತ್ತದೆ. ಅವಳದೇ ಕುರ್ಚಿಯ ಪಕ್ಕದಲ್ಲಿ ಕೂರುವ ಯಾರೋ ಎತ್ತುತ್ತಾರೆ. ಮಗುವಿನ ಹೆಸರು ಕೇಳುತ್ತಾರೆ, ಅಮ್ಮನ ಹೆಸರು ಕೇಳುತ್ತಾರೆ. ಆಮೇಲೆ ಆ ಹಾಲಿನಲ್ಲಿ ಮಾತು ಕಿವಿಯಿಂದ ಕಿವಿಗೆ ಹೋಗುತ್ತದೆ: ನೀಲಿ ಗೇಟಿನ ಮೇಡಂ ಮರ ಹತ್ತಿ ಕೂತಿದ್ದಾರಂತೆ. ಅವಳ ಬಾಯಿಯ ತನಕ ಬಂದ ಮಾತು ಅಲ್ಲೇ ನಿಂತಿತು.

"ಫೋನು ಬೇಡ ಬಿಡು. ಒಳಗೆ ಹೋಗಿ ಅಜ್ಜಿನ ಎಬ್ಬಿಸು. ಅಲ್ಲಾಡಿಸಿ ಎಬ್ಬಿಸು."

ಪಿಟೀಲು ಹೋಗಿ ಬಂದಳು. "ಅಜ್ಜಿ ಏಳಲ್ಲ. 'ಆಮೇಲೆ ಕಂದಾ' ಅಂತ ಆ ಕಡೆ ತಿರುಗಿಕೊಂಡ್ಳು."

"ಮುಖಕ್ಕೆ ಒಂಚೂರು ನೀರು ಚಿಮುಕಿಸು."

"ನಾನಾ? ನೀನೇ ಚಿಮುಕಿಸು!" ಮಗಳು ಖಡಾಖಂಡಿತವಾಗಿ ಹೇಳಿದಳು. ಆಮೇಲೆ ತಲೆಯೆತ್ತಿ ಅಮ್ಮನನ್ನೇ ನೋಡುತ್ತಾ ನಿಂತು, "ಮೇಷ್ಟ್ರು ತಾತನ್ನ ಕರ್ಕೊಂಡು ಬರ್ಲಾ?" ಎಂದಳು.

"ಬೇಡ! ಗೇಟು ದಾಟ್ಬೇಡ. ರಸ್ತೆಗೆ ಕಾಲಿಟ್ರೆ ನೋಡು ಮತ್ತೆ. ಒಳಗೆ ಹೋಗಿ ಅಜ್ಜಿ ಪಕ್ಕದಲ್ಲಿ ಮಲಕ್ಕೋ. ಗೊತ್ತಾಯ್ತಾ?"

"ಸರಿ" ಎಂದು ಪಿಟೀಲು ಒಳಗೆ ಹೋದಳು. ಅಷ್ಟು ಸುಲಭವಾಗಿ ಅವಳು 'ಸರಿ' ಎಂದದ್ದೇ ಅಮ್ಮನಿಗೆ ಸರಿಬರಲಿಲ್ಲ.

ಹಿತ್ತಲು ಗಪ್ಪೆಂದಿತು. ಮೇಷ್ಟ್ರ ಮನೆಯ ಕಡೆಯಿಂದ ರೇಡಿಯೋದ ಗುನುಗು. ಯಾರದೋ ಮಹಡಿಯಲ್ಲಿ ನೀರಿನ ತೊಟ್ಟಿ ತುಂಬಿ ಸುರಿಯುತ್ತಿತ್ತು. ಅಮ್ಮ ಹಲಗೆಯ ಮೇಲೆ ಕೂತಳು, ಎದ್ದಳು, ಇನ್ನೊಂದು ತುದಿಗೆ ಹೋಗಿ ಬಗ್ಗಿದಳು. ಮಲಗಿರಬಹುದು. ಅಡುಗೆಮನೆಗೆ ಹೋಗಿ ಒಲೆಯ ತಿರುಪು ತಿರುಗಿಸುತ್ತಿರಬಹುದು. "ಪಿಟೀಲೂ!" ಎಂದಳು. ಪಕ್ಕದ ಓಣಿಯಲ್ಲಿ ಗೇಟು ಕೀಚ್ ಎಂದದ್ದು ಆಗಲೇ. ಎಲೆಗಳನ್ನು ಸರಿಸಿ ನೋಡಿದಳು. ಮುಂಬಾಗಿಲಿನಿಂದ ಸುತ್ತಿಕೊಂಡು ಬಂದಿರಬೇಕು, ಆ ಕೆದರಿದ ಪುಟ್ಟ ತಲೆ ಗೇಟಿನಾಚೆ ಒಮ್ಮೆ ಕಂಡು ಗೋಡೆಯ ಮರೆಗೆ ಹೋಯಿತು. ಅಜ್ಜಿಯ ಚಪ್ಪಲಿ ಪಟ್ ಪಟ್ ಎಂದು ರಸ್ತೆಯಲ್ಲಿ ದೂರವಾಯಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ಹೆಡ್‌ಫೋನಿನೊಳಗೆ ಹೀಗೇ ದೂರವಾಗಿತ್ತು.

"ಪಿಟೀಲೂ! ವಾಪಸ್ ಬಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಲಾರಿಯೊಂದು ಹಾರನ್ನು ಒತ್ತಿ ಹಿಡಿದು ಹೋಯಿತು. ನಾಯಿ ಬೊಗಳಿತು. ಆಮೇಲೆ ಚಪ್ಪಲಿಯ ಸದ್ದಿಲ್ಲ.

ಮುಂದೆ ಅವಳು ಏನನ್ನೂ ಯೋಚಿಸಲಿಲ್ಲ. ಕೊನೆಯ ಹಲಗೆಯ ಅಂಚನ್ನು ಹಿಡಿದು ಕೆಳಗೆ ಜೋತುಬಿದ್ದಳು. ಅವಸರದಲ್ಲಿ ಆ ಹಲಗೆಗೆ ಒಂದೇ ಕಡೆ ಮೊಳೆ ಹೊಡೆದಿದ್ದಳು. ಅದು ಕಿತ್ತುಕೊಂಡಿತು. ನೆಲ ಬಂದು ಬಡಿಯಿತು, ಬಲಗಾಲಿನೊಳಗೆ ಏನೋ ಲಟಕ್ ಎಂದಿತು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಗೇಟು. ಹಲಗೆಯನ್ನು ಊರುಗೋಲು ಮಾಡಿಕೊಂಡು, ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಓಣಿ ದಾಟಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರ ಮನೆಯ ಮುಂದೆ ಅಜ್ಜಿಯ ಚಪ್ಪಲಿ ಒಂದು ಮಗುಚಿಕೊಂಡು, ಒಂದು ನೆಟ್ಟಗೆ, ಬಿದ್ದಿತ್ತು.

ಜಗಲಿಯ ಮೇಲೆ, ಬೆತ್ತದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಪಿಟೀಲು ಕೂತಿದ್ದಳು. ಕೈಯಲ್ಲಿ ಬಿಸ್ಕತ್ತು. ಮೇಷ್ಟ್ರು ರೇಡಿಯೋ ಆರಿಸಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳುತ್ತಿದ್ದರು.

"…ನಂಗೆ ನಿದ್ದೇನೇ ಬರ್ಲಿಲ್ಲ. ಅಜ್ಜಿ ಗೊರಕೆ ಹೊಡೀತಿದ್ಳು. ಹೇಗೆ ಗೊತ್ತಾ? ಮೊದ್ಲು ಸಣ್ಣಗೆ ಹೀಗೆ, ಆಮೇಲೆ ಬಾಯಿ ತೆಗೆದು…" ಪಿಟೀಲು ಗೊರಕೆಯನ್ನು ಮಾಡಿ ತೋರಿಸಿದಳು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ತಿರುಗಿದವರು, ಕೂದಲಲ್ಲಿ ಎಲೆ ಇರುವೆ ತುಂಬಿಕೊಂಡು ಗೇಟು ಹಿಡಿದು ನಿಂತಿದ್ದವಳನ್ನು ಕಂಡು ದಡಬಡಿಸಿ ಎದ್ದರು.

"ಏನಮ್ಮಾ ಇದು!"

ಪಿಟೀಲಿನ ಮುಖ ಚಿಕ್ಕದಾಯಿತು. "ನೀನ್ಯಾಕೆ ಇಳಿದುಬಿಟ್ಟೆ? ನೀನು ಮರದಲ್ಲಿ ಸಿಕ್ಕಿಹಾಕ್ಕೊಂಡಿದೀಯ ಅಂತ ಹೇಳೋಕೇ ಬಂದಿದ್ದೆ. ಕತೆ ಇನ್ನೂ ಅಲ್ಲೀ ತನಕ ಬಂದಿರ್ಲಿಲ್ಲ."

ಹೊಡೆಯಬೇಕೆಂದು ಎತ್ತಿದ ಕೈಯನ್ನು ಏನು ಮಾಡುವುದೆಂದು ಅಮ್ಮನಿಗೆ ತೋಚಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕುಸಿದಳು. "ಗೇಟು ದಾಟ್ಬೇಡ ಅಂದಿದ್ನಲ್ಲೇ."

"ನೀನು ಅಳ್ತಿದ್ದೆ."

"ನಾನೆಲ್ಲಿ ಅತ್ತೆ?"

"ಕಣ್ಣಲ್ಲಿ ಅಲ್ಲ. ದನೀಲಿ ಅಳ್ತಿದ್ದೆ."

ಅಮ್ಮನಿಗೆ ಈಗ ನಿಜವಾಗಿ ಅಳು ಬಂತು. ಮೇಷ್ಟ್ರು ಗಾಬರಿಯಲ್ಲಿ ಒಮ್ಮೆ ನೀರು ತಂದರು, ಇನ್ನೊಮ್ಮೆ ಅದೇ ಲೋಟವನ್ನು ಒಳಗೆ ತೆಗೆದುಕೊಂಡು ಹೋದರು, ಕೊನೆಗೆ "ಆಂಬುಲೆನ್ಸಿಗೆ ಫೋನು ಮಾಡ್ಲಾ?" ಎಂದರು. "ಬೇಡ ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಟ್ಯಾಕ್ಸಿ ಸಾಕು" ಎಂದಳು.

ಕಣಕಾಲಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ಕಾಲು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು. ಆಸ್ಪತ್ರೆಗೆ ಓಡಿ ಬಂದ ಗಂಡ, "ನಾನು ಹುಷಾರಾಗಿ ಇಳಿ ಅಂತ ಹೇಳಿ ಕಳಿಸಿದ್ನಲ್ಲ" ಎಂದ. ಅವಳು ನೋಡಿದ ನೋಟಕ್ಕೆ ಅವನು ಕಣ್ಣು ತಗ್ಗಿಸಿದ. ಅವನ ಕೈಯಲ್ಲಿ ಬಣ್ಣದ ಪೆನ್ಸಿಲಿನ ಡಬ್ಬಿ ಇತ್ತು. ಅತ್ತೆಗೆ ಮಾತ್ರ ತಡೆಯಲಾರದ ಸಂಕಟ. "ಮನೆಯೊಳಗೆ ಆಳು ಅಂತ ನಾನೊಬ್ಬಳು ಇದ್ದು ಏನು ಬಂತು? ಜುಟ್ಟು ಹಿಡಿದು ಎಬ್ಬಿಸಬಾರದಿತ್ತಾ?" ಎಂದು ಹೋದವರ ಬಂದವರ ಹತ್ತಿರವೆಲ್ಲ ಹೇಳಿಕೊಂಡರು. ಮಧ್ಯಾಹ್ನ ಮಲಗುವಾಗ ಕಿವಿಯ ಮಷೀನು ತೆಗೆಯುವುದನ್ನೇ ಬಿಟ್ಟರು. ಅದರಿಂದ ನಿದ್ದೆ ಬಾರದೆ, ಎಲ್ಲರ ಪಿಸುಮಾತನ್ನೂ ಕೇಳಿಸಿಕೊಂಡು, ಎಲ್ಲದಕ್ಕೂ ಉತ್ತರ ಕೊಡತೊಡಗಿದರು.

ಕೆಲಸಕ್ಕೆ ಹೋಗುವ ದಿನ ಮುಂದೆ ಹೋಯಿತು. ಸುಮ್ಮನೆ ಕೂರಲು ಬಾರದವಳನ್ನು ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿದರು, ಕಾಲಿಗೆ ಒಂದು ಸ್ಟೂಲು. ಅವಳು ಫೋನು ಮಾಡಿ ಸೂಪರ್‌ವೈಸರನ್ನು ಆ ಮುದುಕರ ಸುದ್ದಿ ಏನಾದರೂ ಗೊತ್ತಾಯಿತೇ ಎಂದು ಕೇಳಿದಳು. ಇಲ್ಲ ಎಂದರು. ಗೊತ್ತಾಗುವುದೂ ಇಲ್ಲವೇನೋ ಎಂದರು. ಅವಳು ಫೋನನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಸ್ಟೂಲಿನ ಮೇಲೆ ಕಾಲಿನ ಪಕ್ಕದಲ್ಲಿಟ್ಟಳು.

ಗಂಡ ಹಲಗೆಗಳನ್ನೆಲ್ಲ ಕಿತ್ತು ಡಿಪೋಗೆ ವಾಪಸು ಕೊಟ್ಟುಬಿಡೋಣವೆಂದ. ಪಿಟೀಲು ಎರಡು ಹೊತ್ತು ಊಟ ಬಿಟ್ಟಳು. ಮೂರನೆಯ ಹೊತ್ತಿಗೆ ಸಂಧಾನವಾಯಿತು: ಮನೆ ಆಗಬೇಕು, ಆದರೆ ಕೆಳಗೆ, ಬೊಡ್ಡೆಗೆ ಒತ್ತಿಕೊಂಡು ಕಂಬ ನೆಟ್ಟು, ಗಂಡನ ಎದೆಯ ಮಟ್ಟಕ್ಕೆ. ಗಂಡ ಮತ್ತು ಮೇಷ್ಟ್ರು ಸೇರಿ ಕಟ್ಟತೊಡಗಿದರು. ಗಾಜು ಉಜ್ಜುವ ಕೈ ಒಂದೊಂದು ಹಲಗೆಯ ಅಂಚನ್ನೂ ಉಜ್ಜುತ್ತಾ ಕೂರುತ್ತಿತ್ತು. ಮೇಷ್ಟ್ರು ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಅರ್ಧ ಗಂಟೆ. ಕುರ್ಚಿಯಲ್ಲಿ ಕೂತವಳಿಗೆ ಮೈಯೆಲ್ಲ ಉರಿ.

"ಆ ಬೋಲ್ಟನ್ನ ಮೊದ್ಲು ಬಿಗಿ ಮಾಡಬಾರದಾ? ಅಲ್ಲ, ಎಡಗಡೇದು. ಸ್ಪ್ಯಾನರ್ ಹಿಡಿಯೋದು ಹ್ಯಾಗೆ ಅಂತ…"

"ನೀನು ಸುಮ್ನಿರು ಸ್ವಲ್ಪ."

"ಸುಮ್ನೇ ತಾನೆ ಇರೋದು!"

"ಆ ಸುಮ್ನಲ್ಲ. ಇನ್ನೊಂದು ಸುಮ್ನೆ."

ಅಂತೂ ಮನೆ ಮುಗಿಯಿತು. ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲು, ಮೇಲೆ ಟಾರ್ಪಾಲು, ಹತ್ತಲು ಅಗಲವಾದ ಐದು ಮೆಟ್ಟಿಲು. ಪಿಟೀಲು ಸುತ್ತ ಹೋಗಿ ಬಂದು, ಸೊಂಟಕ್ಕೆ ಕೈಯಿಟ್ಟು, "ಇದು ಮರದ ಮೇಲಿನ ಮನೆ ಅಲ್ಲ. ಮರದ ಸೊಂಟದ ಮನೆ" ಎಂದು ತೀರ್ಪು ಕೊಟ್ಟಳು. ಹಾಗೆಂದವಳು ಸರಸರನೆ ಹತ್ತಿ ಒಳಹೊಕ್ಕು ಬಾಗಿಲು ಎಳೆದುಕೊಂಡಳು.

ಕೆಳಗಿದ್ದವರೆಲ್ಲ ಕಾದರು. ಕೈ ಬೀಸುತ್ತಾಳೆ, ಏನಾದರೂ ಕೂಗುತ್ತಾಳೆ ಎಂದುಕೊಂಡಿದ್ದರು. ಒಳಗಿನಿಂದ ಏನೂ ಬರಲಿಲ್ಲ. ಮೇಷ್ಟ್ರು ಮನೆಗೆ ಹೋದರು. ಗಂಡ ಕೈ ತೊಳೆಯಲು ಹೋದ. ಅಮ್ಮ ಮತ್ತು ಅತ್ತೆ ಉಳಿದರು.

"ಏನ್ ಮಾಡ್ತಿದೀಯ ಒಳಗೆ?" ಎಂದಳು ಅಮ್ಮ.

"ಏನಿಲ್ಲ."

ಪ್ಲಾಸ್ಟರಿನೊಳಗೆ ಕಾಲು ಕಡಿಯುತ್ತಿತ್ತು. "ಕೂತಿದೀಯಾ, ನಿಂತಿದೀಯಾ?"

ಎದ್ದು ಹೋಗಿ ನೋಡಿಬಿಡಲೇ ಎನ್ನಿಸಿತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದೂ ಎದ್ದಳು.

"ಬಿಡು ಪಾಪ" ಎಂದರು ಅತ್ತೆ. "ಹಾಡು ಹೇಳ್ಕೋತಿದಾಳೆ."

ಅಮ್ಮ ಕಿವಿಗೊಟ್ಟಳು. ಅವಳಿಗೆ ಏನೂ ಕೇಳಿಸಲಿಲ್ಲ. ಅತ್ತೆಯ ಕಡೆ ತಿರುಗಿದಳು. ಅತ್ತೆ ಕಿವಿಯ ಮಷೀನನ್ನು ಬೆರಳಿನಿಂದ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತಾ ಕೂತಿದ್ದರು.

"ಯಾವ ಹಾಡು ಅತ್ತೆ?"

"ತಾಳು, ಮುಗೀಲಿ" ಎಂದರು ಅತ್ತೆ.

ಅಮ್ಮ ಮತ್ತೆ ಕುರ್ಚಿಗೆ ಒರಗಿದಳು. ಮರದ ಮನೆಯ ನೆಲದ ಹಲಗೆಗಳ ಸಂದಿನಿಂದ ಒಂದು ಪುಟ್ಟ ಹೆಬ್ಬೆರಳು ಹೊರಗೆ ಬಂದು, ಆ ಕಡೆ ಈ ಕಡೆ ಅಲ್ಲಾಡಿ, ಒಳಗೆ ಹೋಗಿ, ಮತ್ತೊಂದು ಸಂದಿನಲ್ಲಿ ಇಣುಕಿತು.